ಒಂದು ವರ್ಷದ ಆರ್ಡರು

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಒಡೆಸ್ಸಾ ಎಂಬ ಊರಿದೆ. ನೆಲದಡಿಯ ಎಣ್ಣೆಯನ್ನು ನಂಬಿ ಬೆಳೆದ ಊರು. ಅಲ್ಲಿನ ಜೂನಿಯರ್ ಕಾಲೇಜಿನಲ್ಲಿ ರಾಬರ್ಟ್ ಸಿಂಡರ್‌ಮನ್ ಎಂಬ ಮೇಷ್ಟ್ರಿದ್ದರು. ಕಲಿಸುತ್ತಿದ್ದದ್ದು ರಾಜ್ಯಶಾಸ್ತ್ರ ಮತ್ತು ಸಮಾಜ ವಿಜ್ಞಾನ. 1969ರ ಮೇ ತಿಂಗಳಲ್ಲಿ ಅವರ ಒಂದು ವರ್ಷದ ಕರಾರು ಮುಗಿಯಿತು. ಮುಂದಿನ ವರ್ಷಕ್ಕೆ ಹೊಸ ಕರಾರು ಕೊಡುವುದು ಬೇಡ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಅವರನ್ನು ವಜಾ ಮಾಡಲಿಲ್ಲ, ಅಮಾನತು ಮಾಡಲಿಲ್ಲ, ನೋಟಿಸು ಕೊಟ್ಟು ವಿವರಣೆ ಕೇಳಲಿಲ್ಲ. ಹಳೆಯ ಕರಾರು ಮುಗಿದಿತ್ತು, ಹೊಸದು ಬರಲಿಲ್ಲ. ಟೆಕ್ಸಾಸಿನ ಸರ್ಕಾರಿ ಕಾಲೇಜುಗಳಲ್ಲಿ ಹತ್ತು ವರ್ಷ ಪಾಠ ಮಾಡಿದ್ದವರ ಕೆಲಸ ಅಲ್ಲಿಗೆ ಮುಗಿಯಿತು.

ನನ್ನ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯ ಈ ಮೇಷ್ಟ್ರ ಸುತ್ತ ಇದೆ. "ಅಮೆರಿಕದ ಯಾವುದೋ ಸಣ್ಣ ಕಾಲೇಜಿನ ಜಗಳ ಕಟ್ಕೊಂಡು ನಿಂಗೇನಾಗ್ಬೇಕು?" ಎಂದು ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಕೇಳುತ್ತಾರೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಾಲೇಜುಗಳ ಬಗ್ಗೆ. ಹಿಂದೆ ಜೂನಿಯರ್ ಕಾಲೇಜು ಎನ್ನುತ್ತಿದ್ದ ಇವನ್ನು ಅಮೆರಿಕದಲ್ಲಿ ಈಗ ಹೆಚ್ಚಾಗಿ ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದದ್ದು ಇಂಥ ಸಾರ್ವಜನಿಕ ಕಾಲೇಜುಗಳಲ್ಲಿ ಮೊದಲನೆಯದು. ಎರಡು ವರ್ಷದ ಓದು, ಕಡಿಮೆ ಫೀಸು, ಮನೆಯ ಹತ್ತಿರದ ಕಟ್ಟಡ, ಬಂದವರಿಗೆಲ್ಲ ಪ್ರವೇಶ. ಹಗಲು ದುಡಿದು ಸಂಜೆ ಕ್ಲಾಸಿಗೆ ಬರುವವರು, ಮಕ್ಕಳನ್ನು ಬೆಳೆಸಿದ ಮೇಲೆ ಮತ್ತೆ ಪುಸ್ತಕ ಹಿಡಿದ ತಾಯಂದಿರು, ಹೊರದೇಶದಿಂದ ಬಂದು ಇಂಗ್ಲಿಷ್ ಕಲಿಯುತ್ತಿರುವವರು, ಇಲ್ಲಿ ಎರಡು ವರ್ಷ ಮುಗಿಸಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದಿರುವವರು, ಎಲ್ಲರೂ ಇಲ್ಲಿರುತ್ತಾರೆ. ನಮ್ಮ ತಾಲೂಕು ಕೇಂದ್ರದ ಪದವಿ ಕಾಲೇಜುಗಳಿಗೆ ಬರುವ ಮಕ್ಕಳನ್ನು ನೆನೆದುಕೊಂಡರೆ ಅಂದಾಜು ಸಿಗುತ್ತದೆ. ಬೇರೆ ಕಡೆ ಹೋಗಲಾರದವರ ಕಾಲೇಜು ಅದು. ಕಲಿಸುವವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಇವತ್ತು ಅರೆಕಾಲಿಕರು. ಕ್ಯಾಲಿಫೋರ್ನಿಯಾದಲ್ಲಿ ಅವರಿಗೆ ಫ್ರೀವೇ ಫ್ಲೈಯರ್ಸ್ ಎಂಬ ಅಡ್ಡಹೆಸರಿದೆ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ನಡುವೆ ಹೆದ್ದಾರಿ. ಎರಡು ಕಾಲೇಜಿನ ಟೈಮ್‌ಟೇಬಲ್ ಹೊಂದಿಸಿಕೊಂಡು ಕೆಎಸ್ಆರ್‌ಟಿಸಿ ಬಸ್ಸಿನಲ್ಲೇ ನೋಟ್ಸ್ ತಿರುವಿ ಹಾಕುವ ನಮ್ಮ ಅತಿಥಿ ಉಪನ್ಯಾಸಕರಿಗೆ ಈ ಹೆಸರನ್ನು ವಿವರಿಸಿ ಹೇಳಬೇಕಿಲ್ಲ.

ಸಿಂಡರ್‌ಮನ್ ಮಾಡಿದ್ದಾದರೂ ಏನು? 1968-69ರ ಸಾಲಿಗೆ ಅವರು ಟೆಕ್ಸಾಸಿನ ಜೂನಿಯರ್ ಕಾಲೇಜು ಅಧ್ಯಾಪಕರ ಸಂಘದ ಅಧ್ಯಕ್ಷರಾದರು. ಕೆಲವು ಸಲ ಪಾಠ ಬಿಟ್ಟು ರಾಜ್ಯ ಶಾಸನಸಭೆಯ ಸಮಿತಿಗಳ ಮುಂದೆ ಹೋಗಿ ಸಾಕ್ಷ್ಯ ನುಡಿದರು. ಒಡೆಸ್ಸಾದ ಕಾಲೇಜನ್ನು ನಾಲ್ಕು ವರ್ಷದ ಪದವಿ ಕಾಲೇಜಾಗಿ ಮೇಲೇರಿಸಬೇಕು ಎನ್ನುವವರ ಜೊತೆ ನಿಂತರು. ಆಡಳಿತ ಮಂಡಳಿಗೆ ಅದು ಬೇಕಿರಲಿಲ್ಲ. ಮಂಡಳಿಯನ್ನು ಟೀಕಿಸುವ ಜಾಹೀರಾತೊಂದು ಅವರ ಹೆಸರಿನಲ್ಲಿ ಪತ್ರಿಕೆಯಲ್ಲಿ ಬಂತು. ಇಷ್ಟಾದ ಮೇಲೆ ಮೇ ತಿಂಗಳು ಬಂತು. ಮಂಡಳಿ ಪತ್ರಿಕೆಗಳಿಗೆ ಒಂದು ಹೇಳಿಕೆ ಕೊಟ್ಟು, ಈ ಮನುಷ್ಯ ಅವಿಧೇಯ ಎಂದಿತು. ಆದರೆ ಮೇಷ್ಟ್ರ ಕೈಗೆ ಕಾರಣ ಬರೆದ ಅಧಿಕೃತ ಕಾಗದ ಕೊಡಲಿಲ್ಲ, ತನ್ನ ಮಾತು ಹೇಳಿಕೊಳ್ಳಲು ವಿಚಾರಣೆಯನ್ನೂ ನಡೆಸಲಿಲ್ಲ. ಊರಿಗೆಲ್ಲ ಕಾರಣ ಗೊತ್ತು, ಕೆಲಸ ಕಳೆದುಕೊಂಡವನಿಗೆ ಮಾತ್ರ ಅದನ್ನು ಹೇಳಿಲ್ಲ.

ಅವಿಧೇಯತೆ ಎಂಬ ಪದವನ್ನು ತೀರ್ಪಿನಿಂದ ಕನ್ನಡಕ್ಕೆ ತರುವಾಗ ನಾನು ತುಂಬಾ ಹೊತ್ತು ಕೂತಿದ್ದೆ. ರಜಾಪತ್ರದ ಕೊನೆಯಲ್ಲಿ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಬರೆಯುವುದನ್ನು ನಾವು ಐದನೇ ಕ್ಲಾಸಿಗೇ ಕಲಿತಿರುತ್ತೇವೆ. ಜ್ವರ ಬಂದದ್ದಕ್ಕೂ ವಿಧೇಯತೆ ತೋರಿಸಿಯೇ ರಜೆ ಕೇಳಬೇಕು. ಅದರ ಎದುರು ಪದವಾಗಿ 'ಅವಿಧೇಯ' ಎಂದು ನಾವು ದಿನನಿತ್ಯ ಬೈಯುವುದಿಲ್ಲ. ಬೈಗುಳ ಬೇರೆ ಇದೆ: ಅಧಿಕಪ್ರಸಂಗಿ. ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುವವನು. ಎಷ್ಟು ಬೇಕು ಎಂದು ಅಳೆಯುವ ಸೇರು ಮಾತ್ರ ಯಾವತ್ತೂ ಎದುರಿಗೆ ಕೂತವರ ಕೈಯಲ್ಲಿರುತ್ತದೆ. ಒಡೆಸ್ಸಾದ ಮಂಡಳಿ ಹೇಳಿದ್ದು ಇದನ್ನೇ.

ಈ ಪದವನ್ನು ನಾನು ಕಾಲೇಜೊಂದರಲ್ಲಿ ಕೇಳಿದ್ದೇನೆ. ಎಂ.ಎ. ಮುಗಿಸಿ, ಸಂಶೋಧನೆಗೆ ಸೇರುವ ಮೊದಲು ಎರಡು ವರ್ಷ ಮಲೆನಾಡಿನ ಒಂದು ತಾಲೂಕು ಕೇಂದ್ರದ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದೆ. ಸರ್ಕಾರದ ಸಂಬಳ ಪಡೆಯುವ ನಾಲ್ಕೈದು ಹಿರಿಯರನ್ನು ಬಿಟ್ಟರೆ ನಾವೆಲ್ಲ ಮ್ಯಾನೇಜ್‌ಮೆಂಟ್ ಪೋಸ್ಟಿನವರು. ಜೂನ್‌ನಲ್ಲಿ ಆರ್ಡರು, ಮುಂದಿನ ಏಪ್ರಿಲ್‌ಗೆ ಅದರ ಅವಧಿ ಮುಗಿಯುತ್ತಿತ್ತು. ನಮ್ಮ ಜೊತೆ ಚರಿತ್ರೆ ಕಲಿಸುವ ಒಬ್ಬರು ಸಾರ್ ಇದ್ದರು. ಅವರಿಗೆ ಅದು ಹನ್ನೊಂದನೆಯ ಆರ್ಡರು. ಮೊದಲ ವರ್ಷದ ಮಕ್ಕಳನ್ನು ಕೆರೆ ಏರಿಯ ಮೇಲಿನ ವೀರಗಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಕಲ್ಲಿನ ಮೂರು ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಹೇಗೆ ಎಂದು ತೋರಿಸುತ್ತಿದ್ದರು. ದಿನಾ ಅದೇ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವ ಹುಡುಗರು ಆ ಕಲ್ಲನ್ನು ಮೊದಲ ಸಲ ನೋಡುವವರಂತೆ ನಿಂತು ನೋಡುತ್ತಿದ್ದರು.

ನನ್ನ ಎರಡನೆಯ ವರ್ಷ ಬಿ.ಎ.ಯ ಎರಡು ಸೆಕ್ಷನ್‌ಗಳನ್ನು ಒಂದು ಮಾಡಿ, ಖಾಲಿಯಾಗುವ ಕೋಣೆಯನ್ನು ಬಿಸಿಎ ಲ್ಯಾಬಿಗೆ ಕೊಡುವುದೆಂದು ಆಡಳಿತ ಮಂಡಳಿ ನಿರ್ಧರಿಸಿತು. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಅದನ್ನು ಓದಿ ಹೇಳಿದರು. ಸಾರ್ ಎದ್ದು ನಿಂತರು.

"ಸಾರ್, ತೊಂಬತ್ತು ಮಕ್ಕಳನ್ನ ಒಂದೇ ರೂಮಲ್ಲಿ ಕೂರಿಸಿದ್ರೆ ಹಿಂದಿನ ಬೆಂಚಿಗೆ ನನ್ನ ದನಿ ಮುಟ್ಟಲ್ಲ. ಬಿಸಿಎ ಬೇಡ ಅಂತಲ್ಲ. ಮೇಲಿನ ಸ್ಟೋರ್ ರೂಮ್ ಖಾಲಿ ಮಾಡಿಸಿದ್ರೆ ಆಗಲ್ವಾ?"

"ಅದು ಮ್ಯಾನೇಜ್‌ಮೆಂಟ್ ತೀರ್ಮಾನ. ನೋಟ್ ಮಾಡ್ಕೊಂಡಿದೀನಿ, ಕೂತ್ಕೊಳಿ."

ಅವರು ಕೂರಲಿಲ್ಲ, ಇನ್ನೊಂದು ಸಲ ಕೇಳಿದರು. ಮುಂದಿನ ವಾರ ಒಂದು ಮನವಿ ಬರೆದರು. ನಾವು ಐದು ಜನ ಸಹಿ ಹಾಕಿದೆವು. ಯಾರೂ ಏನೂ ಅನ್ನಲಿಲ್ಲ. ಪ್ರಿನ್ಸಿಪಾಲರು ಎಂದಿನಂತೆ ನಕ್ಕು ಮಾತಾಡಿಸುತ್ತಿದ್ದರು. ಆಡಳಿತ ಮಂಡಳಿಯ ಒಬ್ಬರು ವಾರ್ಷಿಕೋತ್ಸವದ ದಿನ ಊಟದ ಸಾಲಿನಲ್ಲಿ, ನನಗೂ ಕೇಳುವಷ್ಟು ಗಟ್ಟಿಯಾಗಿ, "ಚರಿತ್ರೆಯೋರು ಸ್ವಲ್ಪ ಅಧಿಕಪ್ರಸಂಗ" ಎಂದರು. ಜೂನ್‌ನಲ್ಲಿ ಆರ್ಡರುಗಳು ಬಂದಾಗ ಸಾರ್ ಹೆಸರು ಅದರಲ್ಲಿರಲಿಲ್ಲ. ಆಫೀಸಿನಲ್ಲಿ ಕೇಳಿದ್ದಕ್ಕೆ ಗುಮಾಸ್ತರು ತಲೆ ಎತ್ತದೆ ಹೇಳಿದ್ದು ಮೂರೇ ಪದ: "ನಿಮ್ದು ಬಂದಿಲ್ಲ ಸಾರ್."

ಈ 'ಬಂದಿಲ್ಲ' ಎಂಬ ಕ್ರಿಯಾಪದ ನನ್ನನ್ನು ಸಂಶೋಧನೆಯ ಉದ್ದಕ್ಕೂ ಕಾಡಿದೆ. ಮಳೆ ಬಂದಿಲ್ಲ, ಬಸ್ಸು ಬಂದಿಲ್ಲ, ಆರ್ಡರು ಬಂದಿಲ್ಲ. ಈ ವಾಕ್ಯದಲ್ಲಿ ಕಳಿಸಬೇಕಾಗಿದ್ದವರು ಕಾಣಿಸುವುದೇ ಇಲ್ಲ. ಖಾಸಗಿ ವಿದ್ಯಾಸಂಸ್ಥೆಗಳ ನೌಕರರನ್ನು ವಜಾ ಮಾಡುವ ಮುಂಚೆ ವಿಚಾರಣೆ ನಡೆಸಬೇಕು ಎನ್ನುವ 1975ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಆದರೆ ಯಾರೂ ಅವರನ್ನು ವಜಾ ಮಾಡಿಲ್ಲವಲ್ಲ! ಅವಧಿ ತಾನಾಗಿ ಮುಗಿದಿದೆ. ಒಂದು ವರ್ಷದ ಆರ್ಡರಿನ ಅನುಕೂಲವೇ ಇದು. ಕಾಯಂ ಮೇಷ್ಟ್ರನ್ನು ಕಳಿಸಬೇಕಾದರೆ ಯಾರಾದರೂ ಬಾಯಿಬಿಟ್ಟು ಕಾರಣ ಹೇಳಬೇಕು. ವರ್ಷದ ಮೇಷ್ಟ್ರನ್ನು ಕಳಿಸಲು ಎಲ್ಲರೂ ಸುಮ್ಮನಿದ್ದರೆ ಸಾಕು.

ಒಡೆಸ್ಸಾದ ಮೇಷ್ಟ್ರು ಕೋರ್ಟಿಗೆ ಹೋದರು. ಕೆಳಗಿನ ನ್ಯಾಯಾಲಯ, ಕರಾರು ಮುಗಿದಿದೆ, ಕಾಯಂ ವ್ಯವಸ್ಥೆ ಇಲ್ಲ, ಇನ್ನೇನು ಎಂದು ಪೂರ್ತಿ ವಿಚಾರಣೆಯನ್ನೂ ನಡೆಸದೆ ಮುಗಿಸಿತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದು, 1972ರ ಜೂನ್ 29ರಂದು ತೀರ್ಪಾಯಿತು. ಬರೆದವರು ನ್ಯಾಯಮೂರ್ತಿ ಪಾಟರ್ ಸ್ಟೂವರ್ಟ್. ಅದರಲ್ಲಿ ಎರಡು ಮಾತು ಮುಖ್ಯ. ಒಂದು, ಕೆಲಸದ ಮೇಲೆ ಹಕ್ಕಿಲ್ಲದವನನ್ನೂ ಅವನು ಮಾತಾಡಿದ ಎಂಬ ಕಾರಣಕ್ಕೆ ಹೊರಗಿಡುವಂತಿಲ್ಲ. ಸರ್ಕಾರಿ ಸಂಸ್ಥೆ ಕರಾರನ್ನು ಮುಂದುವರಿಸದೇ ಇರಬಹುದು, ಆದರೆ ಬಾಯಿ ಮುಚ್ಚಿಸುವ ಸಾಧನವಾಗಿ ಅದನ್ನು ಬಳಸಬಾರದು. ಎರಡು, ಬರೆದ ನಿಯಮ ಇಲ್ಲದಿದ್ದರೂ ಕಾಲೇಜಿನ ನಡವಳಿಕೆಯಿಂದಲೇ ಕಾಯಂತನದ ಭರವಸೆ ಹುಟ್ಟಿರಬಹುದು. ಆ ಕಾಲೇಜಿನ ಕೈಪಿಡಿಯಲ್ಲಿ ಒಂದು ವಿಚಿತ್ರ ಸಾಲಿತ್ತು. ನಮ್ಮಲ್ಲಿ ಕಾಯಂ ಪದ್ಧತಿ ಇಲ್ಲ, ಆದರೂ ಪಾಠ ಚೆನ್ನಾಗಿರುವವರೆಗೆ, ಜೊತೆಯವರೊಂದಿಗೂ ಮೇಲಿನವರೊಂದಿಗೂ ಸಹಕಾರದಿಂದ ಇರುವವರೆಗೆ, ಕೆಲಸದಲ್ಲಿ ಸಂತೋಷವಾಗಿರುವವರೆಗೆ ಅಧ್ಯಾಪಕರು ತಾವು ಕಾಯಂ ಎಂದೇ ಅಂದುಕೊಳ್ಳಲಿ ಎನ್ನುವುದು ಅದರ ತಾತ್ಪರ್ಯ. ಇಂಥ ಮಾತನ್ನು ನಂಬಿ ಬದುಕು ಕಟ್ಟಿಕೊಂಡವನಿಗೆ ಆ ಭರವಸೆ ನಿಜವಾಗಿ ಇತ್ತು ಎಂದು ಸಾಬೀತು ಮಾಡುವ ಅವಕಾಶ ಸಿಗಬೇಕು. ಸಾಬೀತಾದರೆ ಕಾಲೇಜು ವಿಚಾರಣೆ ನಡೆಸಿ ಕಾರಣ ಹೇಳಬೇಕು ಎಂದಿತು ಕೋರ್ಟು.

ಕೆಲಸ ವಾಪಸು ಕೊಡಿ ಎಂದು ತೀರ್ಪು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಅದೇ ದಿನ ಅದೇ ಕೋರ್ಟು ವಿಸ್ಕಾನ್ಸಿನ್‌ನ ಒಷ್‌ಕೋಷ್‌ನಲ್ಲಿ ಒಂದೇ ವರ್ಷ ಪಾಠ ಮಾಡಿದ್ದ ಡೇವಿಡ್ ರಾತ್ ಎಂಬ ಅಧ್ಯಾಪಕರಿಗೆ ವಿಚಾರಣೆಯ ಹಕ್ಕೂ ಇಲ್ಲ ಎಂದಿತು. ಅವರ ಕರಾರಿನ ಹಿಂದೆ ಯಾವ ಭರವಸೆಯೂ ಇರಲಿಲ್ಲ, ದಿನಾಂಕ ಮಾತ್ರ ಇತ್ತು. ಇವರಿಬ್ಬರನ್ನು ಬೇರೆ ಮಾಡಿದ್ದು ಕಾಲೇಜು ವರ್ಷಗಟ್ಟಲೆ ನಡೆದುಕೊಂಡ ರೀತಿ. ಹನ್ನೊಂದು ಆರ್ಡರು ಪಡೆದವರನ್ನು ಹತ್ತಿರದಿಂದ ನೋಡಿದ ನನಗೆ ಇದನ್ನು ಓದುವಾಗ ಕುರ್ಚಿಯಿಂದ ಏಳಬೇಕೆನಿಸಿತ್ತು.

ಆದರೆ ನಾನು ಓದುತ್ತಿರುವುದು ಕರ್ನಾಟಕದಲ್ಲಿ ಕೂತು. ಇಲ್ಲಿ ಅದೇ ಪ್ರಶ್ನೆಗೆ ಇನ್ನೊಂದು ಉತ್ತರ ಇದೆ, ಅದೂ ನಮ್ಮ ರಾಜ್ಯದ ಹೆಸರಿನಲ್ಲೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾದ ಕರ್ನಾಟಕ ರಾಜ್ಯ ಮತ್ತು ಉಮಾದೇವಿ ಪ್ರಕರಣದಲ್ಲಿ, 2006ರ ಏಪ್ರಿಲ್ 10ರಂದು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಎಷ್ಟೇ ವರ್ಷ ತಾತ್ಕಾಲಿಕವಾಗಿ ದುಡಿದಿದ್ದರೂ ಅದರಿಂದ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ, ಅಂಥ ನಿರೀಕ್ಷೆಗೆ ಕಾನೂನಿನ ಬೆಂಬಲ ಇಲ್ಲ ಎಂಬುದು ಅದರ ಸಾರ. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ಮೀರಿದ ಅರ್ಹರಿಗೆ ಒಂದು ಸಲದ ವಿನಾಯಿತಿಯ ದಾರಿಯನ್ನಷ್ಟೇ ಅದು ತೆರೆದಿಟ್ಟಿತು. ಅತಿಥಿ ಉಪನ್ಯಾಸಕರು ಧರಣಿ ಕೂತಾಗಲೆಲ್ಲ ಸರ್ಕಾರದ ಕಡೆಯಿಂದ ಬರುವ ಮೊದಲ ಉತ್ತರ ಈ ತೀರ್ಪು. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು 11 ಮತ್ತು 13 ಸಾವಿರದಿಂದ 26ರಿಂದ 32 ಸಾವಿರದವರೆಗೆ ಏರಿಸಿತು, ಜೊತೆಗೆ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಏರಿಸಿತು. ಒಬ್ಬರಿಗೇ ಹೆಚ್ಚು ಪಾಠ ಕೊಟ್ಟರೆ ಕಡಿಮೆ ಜನ ಸಾಕು. ಸಂಬಳ ಏರಿದ ಸಂತೋಷದಲ್ಲೇ, ಯಾರ ಆರ್ಡರು ಬರುವುದಿಲ್ಲ ಎಂಬ ಲೆಕ್ಕವೂ ಸ್ಟಾಫ್ ರೂಮುಗಳಲ್ಲಿ ಶುರುವಾಯಿತು.

ಉಮಾದೇವಿ ತೀರ್ಪನ್ನು ನಾನು ಸುಲಭವಾಗಿ ಬೈಯಲಾರೆ. ಹಿಂಬಾಗಿಲಿನಿಂದ ಒಳಬಂದವರನ್ನು ಕಾಯಂ ಮಾಡುತ್ತಾ ಹೋದರೆ ಮುಂಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರ ಗತಿ ಏನು ಎಂದು ಅದು ಕೇಳುತ್ತದೆ. ಆ ಸಾಲಿನಲ್ಲಿ ನಾನೂ ಇದ್ದೇನೆ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದಾಗ ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಎರಡಕ್ಕೂ ದೀಪ ಆರುತ್ತಿರಲಿಲ್ಲ. ಆದರೆ ಮುಂಬಾಗಿಲನ್ನು ವರ್ಷಗಟ್ಟಲೆ ಮುಚ್ಚಿಟ್ಟು ಹಿಂಬಾಗಿಲಿನಿಂದಲೇ ಕಾಲೇಜು ನಡೆಸಿದವರು ಅತಿಥಿ ಉಪನ್ಯಾಸಕರಲ್ಲ. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ದೀರ್ಘಕಾಲ ದುಡಿದವರ ನ್ಯಾಯವಾದ ಬೇಡಿಕೆಯನ್ನು ತಳ್ಳಿಹಾಕಲು ಉಮಾದೇವಿಯನ್ನು ಆಯುಧ ಮಾಡಿಕೊಳ್ಳಬಾರದು ಎಂಬರ್ಥದ ಮಾತು ಹೇಳಿದೆ. ಕಾಯಂ ಮಾಡುವುದು ಬಿಡುವುದು ಒಂದು ಪ್ರಶ್ನೆ. ಕಾರಣ ಹೇಳದೆ ಕಳಿಸುವುದು ಇನ್ನೊಂದು. ನಮ್ಮ ಚರ್ಚೆಯಲ್ಲಿ ಮೊದಲನೆಯದರ ಸದ್ದಿನಲ್ಲಿ ಎರಡನೆಯದು ಕೇಳಿಸುವುದೇ ಇಲ್ಲ. ಕೆಲಸ ಕೇಳುವವರ ಬಗ್ಗೆ ಮಾತಾಡುತ್ತೇವೆ, ಮೀಟಿಂಗಿನಲ್ಲಿ ಎದ್ದು ನಿಂತವರ ಬಗ್ಗೆ ಅಲ್ಲ.

ಹಾಗಾದರೆ ಕೆಲಸ ಭದ್ರವಾಗಿದ್ದರೆ ಮೇಷ್ಟ್ರ ಮಾತಿಗೆ ಬೆಲೆ ಬರುತ್ತದೆಯೆ? ಇಲ್ಲಿ ಅಮೆರಿಕದ್ದೇ ಇನ್ನೊಂದು ಕಮ್ಯುನಿಟಿ ಕಾಲೇಜಿನ ಪ್ರಕರಣ ಅಡ್ಡ ಬರುತ್ತದೆ. ಮಿನ್ನೆಸೋಟ ರಾಜ್ಯದಲ್ಲಿ 1971ರ ಒಂದು ಕಾನೂನು, ಸಂಬಳ ಸವಲತ್ತಿನ ಆಚೆಗಿನ ನೀತಿಗಳ ಬಗ್ಗೆಯೂ ಆಡಳಿತ ತನ್ನ ವೃತ್ತಿಪರ ನೌಕರರೊಂದಿಗೆ ಕೂತು ಮಾತಾಡಬೇಕು ಎಂದಿತು. ಕಮ್ಯುನಿಟಿ ಕಾಲೇಜುಗಳಲ್ಲಿ ಆ ಸಭೆಗೆ ಹೋಗುವವರನ್ನು ಆರಿಸುತ್ತಿದ್ದದ್ದು ಅಧ್ಯಾಪಕರ ಸಂಘ. ಸಂಘದ ಸದಸ್ಯರಲ್ಲದ ಇಪ್ಪತ್ತು ಅಧ್ಯಾಪಕರು, ನಮ್ಮ ಮಾತು ಕೇಳುವವರಾರು ಎಂದು ದಾವೆ ಹೂಡಿದರು. 1984ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್. ಮಾತಾಡಲು ನಿಮಗೆ ಸ್ವಾತಂತ್ರ್ಯ ಇದೆ, ಆದರೆ ಸರ್ಕಾರ ಅದನ್ನು ಕೇಳಿಸಿಕೊಳ್ಳಲೇಬೇಕು ಎನ್ನುವ ಹಕ್ಕು ಸಂವಿಧಾನದಲ್ಲಿಲ್ಲ. ಕಾಲೇಜಿನ ನೀತಿ ರೂಪಿಸುವಲ್ಲಿ ಅಧ್ಯಾಪಕರಿಗೆ ಪಾಲು ಕೊಡುವುದು ಒಳ್ಳೆಯ ಸಂಪ್ರದಾಯ ಇರಬಹುದು, ಸಂವಿಧಾನದ ಹಕ್ಕಲ್ಲ ಎಂಬುದು ಅದರ ಸಾರಾಂಶ. ಇದಾದ ನಾಲ್ಕು ವರ್ಷಕ್ಕೆ, 1988ರಲ್ಲಿ, ಕ್ಯಾಲಿಫೋರ್ನಿಯಾ ತನ್ನ ಕಮ್ಯುನಿಟಿ ಕಾಲೇಜುಗಳಿಗಾಗಿ ಕಾನೂನು ಮಾಡಿತು. ಪಠ್ಯಕ್ರಮ, ಪದವಿಯ ಅಗತ್ಯಗಳಂಥ ವಿಷಯಗಳಲ್ಲಿ ಆಡಳಿತ ಮಂಡಳಿ ಅಧ್ಯಾಪಕರ ಸೆನೆಟ್ಟಿನ ಜೊತೆ ಸಮಾಲೋಚಿಸಲೇಬೇಕು ಎಂಬ ನಿಯಮ ಅದರಿಂದ ಬಂತು. ಸಂವಿಧಾನ ಕೊಡದ ಕಿವಿಯನ್ನು ಶಾಸನಸಭೆ ಕೊಟ್ಟಿತು. ಅಂದರೆ ಕೇಳಿಸಿಕೊಳ್ಳುವುದು ಒಳ್ಳೆಯ ಪ್ರಿನ್ಸಿಪಾಲರ ಗುಣ ಮಾತ್ರ ಆಗಬೇಕಿಲ್ಲ, ಅದನ್ನು ನಿಯಮವಾಗಿ ಬರೆಯಲೂ ಬರುತ್ತದೆ.

ಪ್ರಿನ್ಸಿಪಾಲರ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಪ್ರಿನ್ಸಿಪಾಲರು ಕೆಟ್ಟವರಾಗಿರಲಿಲ್ಲ. ಅಡ್ಮಿಷನ್ ಕುಸಿಯುತ್ತಿತ್ತು, ಬಿಸಿಎ ಇಲ್ಲದಿದ್ದರೆ ಹುಡುಗರು ಪಕ್ಕದ ಊರಿಗೆ ಹೋಗುತ್ತಾರೆ ಎಂಬ ಭಯ ನಿಜವಾಗಿತ್ತು. ಮೇಲಿನವರ ಮಾತನ್ನು ಕೆಳಗಿನವರಿಗೆ ಓದಿ ಹೇಳುವುದು, ಕೆಳಗಿನವರ ಮಾತನ್ನು 'ನೋಟ್ ಮಾಡಿಕೊಳ್ಳುವುದು', ಅವರ ಕುರ್ಚಿಯ ಕೆಲಸ ಅಷ್ಟಕ್ಕೇ ಇಳಿದಿತ್ತು. ಆ ನೋಟ್ ಪುಸ್ತಕ ಮೇಲಕ್ಕೆ ಹೋಗುತ್ತಿರಲಿಲ್ಲ. ಒಡೆಸ್ಸಾದಲ್ಲಿ ಮಂಡಳಿಯೂ ಮೇಷ್ಟ್ರೂ ಎದುರಾಬದುರು ನಿಂತಿದ್ದರು. ಯಾರು ಯಾರನ್ನು ವಿರೋಧಿಸುತ್ತಿದ್ದಾರೆ ಎಂದು ಊರಿಗೇ ಗೊತ್ತಿತ್ತು. ನಮ್ಮ ಕಾಲೇಜಿನಲ್ಲಿ ಜಗಳವೇ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಜಗಳವಾದರೆ ಎರಡೂ ಕಡೆಯವರು ತಮ್ಮ ಕಾರಣ ಹೇಳಬೇಕಾಗುತ್ತದೆ, ಸ್ಟೋರ್ ರೂಮಿನ ಬೀಗ ತೆಗೆದು ಅಲ್ಲಿ ಎಷ್ಟು ಕಂಪ್ಯೂಟರ್ ಹಿಡಿಸುತ್ತವೆ ಎಂದು ಅಳತೆಯಾದರೂ ಹಿಡಿಯಬೇಕಾಗುತ್ತದೆ. ಸೆಕ್ಷನ್‌ಗಳನ್ನು ಸೇರಿಸಿದ ಮೇಲೆ ಹಿಂದಿನ ಬೆಂಚಿನವರು ಕ್ಲಾಸಿಗೆ ಬರುವುದನ್ನೇ ಕಡಿಮೆ ಮಾಡಿದರು. ಅವರಲ್ಲಿ ಹೆಚ್ಚಿನವರು ಬೆಳಗಿನ ಮೊದಲ ಬಸ್ಸು ತಪ್ಪಿ ತಡವಾಗಿ ಬರುವ ಹಳ್ಳಿಯ ಹುಡುಗಿಯರು. ಮುಂದಿನ ಬೆಂಚು ಅವರಿಗೆ ಸಿಗುತ್ತಲೇ ಇರಲಿಲ್ಲ.

ಒಂದೆರಡು ವರ್ಷದಲ್ಲಿ ನಾನೂ ಒಂದು ವರ್ಷದ ಆರ್ಡರಿಗೆ ಅರ್ಜಿ ಹಾಕುವವಳು. ಫೆಲೋಶಿಪ್ ಮುಗಿದ ಮೇಲೆ ನನ್ನ ಓರಗೆಯ ಹೆಚ್ಚಿನವರಿಗೆ ಇರುವ ದಾರಿ ಅದೇ. ಕಾಯಂ ಕೆಲಸ ಸಿಕ್ಕೀತು ಎಂಬ ಆಸೆಯನ್ನು ಬಿಟ್ಟಿಲ್ಲ, ಆದರೆ ಅದಕ್ಕೂ ಮೊದಲು ಕೇಳಬೇಕಾದ ಸಣ್ಣ ಸಂಗತಿಗಳ ಪಟ್ಟಿಯೊಂದು ಪ್ರಬಂಧದ ಕೊನೆಯ ಅಧ್ಯಾಯಕ್ಕಾಗಿ ಸಿದ್ಧವಾಗುತ್ತಿದೆ. ಸ್ಟಾಫ್ ಮೀಟಿಂಗಿನಲ್ಲಿ ಯಾರು ಏನು ಕೇಳಿದರು ಎಂಬುದನ್ನು ನಡಾವಳಿಯಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಮನವಿಗೆ ಇಷ್ಟು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, 'ಆಗುವುದಿಲ್ಲ' ಎಂದಾದರೂ ಸರಿ. ಮೂರು ವರ್ಷ ಪಾಠ ಮಾಡಿದವರ ಆರ್ಡರು ನಿಲ್ಲಿಸುವುದಾದರೆ ಏಪ್ರಿಲ್‌ನಲ್ಲೇ ಕಾರಣ ಬರೆದು ಕೊಡಬೇಕು, ಅವರ ಮಾತನ್ನು ಒಂದು ಸಲ ಕೂರಿಸಿ ಕೇಳಬೇಕು. ಇದಕ್ಕೆಲ್ಲ ಖಜಾನೆಯಿಂದ ಹಣ ಬೇಕಿಲ್ಲ.

ಚರಿತ್ರೆಯ ಸಾರ್ ಈಗ ಜಿಲ್ಲಾ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಸೆಂಟರಿನಲ್ಲಿ ಪಾಠ ಮಾಡುತ್ತಾರೆ. ಗಂಟೆಗೆ ಇಷ್ಟು ಎಂದು ಲೆಕ್ಕ. ಹೋದ ತಿಂಗಳು ಸಿಂಡರ್‌ಮನ್ ತೀರ್ಪಿನ ಸಾರಾಂಶವನ್ನು ಕನ್ನಡದಲ್ಲಿ ಬರೆದು ಅವರಿಗೆ ವಾಟ್ಸಪ್ ಮಾಡಿದ್ದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು.

"ಓದಿದೆ ಮೇಡಂ. ಚೆನ್ನಾಗಿದೆ. ಇದರಲ್ಲಿ ಆ ಮೇಷ್ಟ್ರ ಹುಡುಗರು ಏನಂದ್ರು ಅಂತ ಎಲ್ಲೂ ಇಲ್ವಲ್ಲ?"

ತೀರ್ಪಿನಲ್ಲಿ ಮಂಡಳಿಯ ಮಾತಿದೆ, ಮೇಷ್ಟ್ರ ಮಾತಿದೆ, ಹುಡುಗರ ಮಾತಿಲ್ಲ ಎಂದೆ. "ಹಂಗಾದ್ರೆ ಆ ಅಧ್ಯಾಯ ನೀವೇ ಬರೀರಿ" ಎಂದರು. ಆಚೆ ಕಡೆ ಗಂಟೆ ಹೊಡೆದದ್ದು ಕೇಳಿಸಿತು, ಕ್ಲಾಸಿದೆ ಎಂದು ಫೋನ್ ಇಟ್ಟರು.